ಗರಡಿಯ ಕೀಲಿ

ಕಳೆದ ಬೇಸಿಗೆಯಲ್ಲಿ ನಾಲ್ಕು ದಿನ ದುಮ್ಮವಾಡದಲ್ಲಿದ್ದೆ. ಅಕ್ಕನ ಮನೆ ಅಲ್ಲಿ. ಬಿಸಿಲಿಳಿದ ಮೇಲೆ ಕಟ್ಟೆಗೆ ಬಂದು ಕೂತಾಗ ಅಕ್ಕನ ಮಗನೂ ಬಂದು ಪಕ್ಕದಲ್ಲಿ ಕೂತ. ಇಪ್ಪತ್ತರ ಹುಡುಗ; ಎತ್ತರದ ಆಳು; ಅವನ ಅಜ್ಜನ ತೋಳು, ಅಜ್ಜನ ಎದೆ. ಮೈಮೇಲೆ ಮಾತ್ರ ಬೆಂಗಳೂರಿನ ಕ್ರಿಕೆಟ್ ತಂಡದ ಕೆಂಪು ಅಂಗಿ, ಬೆನ್ನಿಗೆ ೧೮ ಎಂಬ ಅಂಕಿ. “ಇದು ಯಾರ ಟೀಮೋ?” ಎಂದೆ, ಕೆಣಕಲಿಕ್ಕೆಂದೇ. “ನಮ್ದಽ ಮಾಮಾ, ಮತ್ತ್ಯಾರದು?” ಎಂದು ನನ್ನ ಅಜ್ಞಾನಕ್ಕೆ ನಕ್ಕ. “ಹಂಗಾದ್ರ ಊರ ಗರಡಿ ಯಾರದು?” ಎಂದೆ. ಹುಡುಗ ತುಸು ಹೊತ್ತು ಸುಮ್ಮನಿದ್ದು, “ಅದು… ಹಿರ್ಯಾರದು” ಎಂದ.

ನಾನು ಕನ್ನಡ ಕಲಿಸಿ ಹೊಟ್ಟೆ ಹೊರೆಯುವವನು. ‘ನಮ್ಮ’ ಎಂಬ ಸರ್ವನಾಮವನ್ನು ಇಷ್ಟು ತಪ್ಪಾಗಿ ಪ್ರಯೋಗಿಸಿದ ಉತ್ತರಪತ್ರಿಕೆ ನನ್ನ ಕೈಗೆ ಬಂದಿದ್ದರೆ ಕೆಂಪು ಗೀರು ಎಳೆಯುತ್ತಿದ್ದೆ. ಆದರೆ ಈ ತಪ್ಪು ಆ ಹುಡುಗನೊಬ್ಬನದಲ್ಲ. ಇಡಿಯ ನಾಡೇ ಈ ತಪ್ಪನ್ನು ಘೋಷಣೆ ಮಾಡಿಕೊಂಡು ಕೂಗುತ್ತಿದೆ.

ಆ ತಂಡ ೨೦೨೫ರ ಜೂನ್ ೩ರಂದು ಅಹಮದಾಬಾದಿನಲ್ಲಿ ಮೊದಲ ಸಲ ಕಪ್ಪನ್ನು ಗೆದ್ದಿತು. ಮರುದಿನವೇ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ನೂಕುನುಗ್ಗಲಾಗಿ ಹನ್ನೊಂದು ಜನ ಸತ್ತರು. ‘ನಮ್ದೆ’ ಎಂದು ಕೂಗುತ್ತ ಹೋದ ಮಕ್ಕಳು ಅವರು. ತಂಡದ ಒಡೆತನ ಆಗ ಮದ್ಯ ತಯಾರಿಸುವ ಒಂದು ಕಂಪನಿಯದಾಗಿತ್ತು. ಅದೇ ವರ್ಷದ ನವೆಂಬರಿನಲ್ಲಿ ಆ ಕಂಪನಿ, ತಂಡದಲ್ಲಿ ತಾನು ಹೂಡಿದ ಬಂಡವಾಳವನ್ನು ಮರುಪರಿಶೀಲಿಸುತ್ತಿರುವದಾಗಿ ಶೇರುಪೇಟೆಗೆ ತಿಳಿಸಿತು. ಶೇರುಪೇಟೆಗೆ ತಿಳಿಸಬೇಕು, ಕಾಯದೆ ಹಾಗಿದೆ. ಅಂಗಿ ಕೊಂಡವನಿಗೆ ತಿಳಿಸಬೇಕೆಂದು ಯಾವ ಕಾಯದೆಯಿದೆ? ಸತ್ತವನ ಮನೆಗೆ ಹೋಗಿ, ತಂಡವನ್ನು ಇಟ್ಟುಕೊಳ್ಳಲೋ ಮಾರಲೋ ಎಂದು ಕೇಳುವರೇ?

ಕ್ರಿಕೆಟ್ಟಿನ ಮಾತು ದೊಡ್ಡವರದೆನ್ನಿ. ಹುಬ್ಬಳ್ಳಿಯ ಹೆಸರು ಹೊತ್ತ ಹುಲಿಗಳು ೨೦೨೩ರಲ್ಲಿ ಮಹಾರಾಜ ಟ್ರೋಫಿ ಗೆದ್ದಾಗ ದುರ್ಗದಬೈಲಿನಲ್ಲಿ ಪೇಢೆ ಹಂಚಿದವರ ಸಾಲಿನಲ್ಲಿ ನನ್ನ ವಿದ್ಯಾರ್ಥಿಗಳೂ ಇದ್ದರು. ಆ ಪಂದ್ಯ ನಡೆದದ್ದು ಬೆಂಗಳೂರಿನಲ್ಲಿ. ಹುಬ್ಬಳ್ಳಿಯ ಪಾಲಿಗೆ ಬಂದದ್ದು ಹೆಸರು ಮತ್ತು ಪೇಢೆಯ ಖರ್ಚು. ಇನ್ನು ಫುಟ್‌ಬಾಲು. ೧೯೩೭ ಮತ್ತು ೧೯೩೮ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಎಂಬ ನಾಗರಿಕರ ತಂಡ ಮುಂಬಯಿಗೆ ಹೋಗಿ ರೋವರ್ಸ್ ಕಪ್ಪನ್ನು ಗೆದ್ದು ಬಂದಿತ್ತು; ಆ ನೆನಪಿರುವ ಊರಿಗೆ ೨೦೧೩ರಲ್ಲಿ ಉಕ್ಕಿನ ಉದ್ಯಮಿಗಳು ಹೊಸ ತಂಡ ಕಟ್ಟಿಕೊಟ್ಟರು. ಅಚ್ಚುಕಟ್ಟಾದ ತಂಡ, ಕಪ್ಪುಗಳನ್ನೂ ಗೆದ್ದಿತು. ಇದನ್ನು ಅಲ್ಲಗಳೆಯಲಾರೆ. ಆದರೆ ೨೦೨೫ರಲ್ಲಿ ದೇಶದ ಲೀಗ್ ನಡೆಯುವದೋ ಇಲ್ಲವೋ ಎಂಬ ಗೊಂದಲವೆದ್ದ ಕೂಡಲೆ, ಆಗಸ್ಟ್ ತಿಂಗಳಲ್ಲಿ, ಆ ತಂಡ ತನ್ನ ಮೊದಲ ಸಾಲಿನ ಆಟಗಾರರ ಮತ್ತು ಸಿಬ್ಬಂದಿಯ ಪಗಾರವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿತು. ಧಣಿಯ ಮನೆಯ ದೀಪ ಧಣಿಯ ಎಣ್ಣೆಯಿಂದ ಉರಿಯುವದು. ಧಣಿ ಎಣ್ಣೆ ಹಾಕದ ದಿನ ಕತ್ತಲೆ.

ಇಷ್ಟು ಹೇಳಿದ ಕೂಡಲೆ ನಮ್ಮ ವಾಚಕರಲ್ಲಿ ಕೆಲವರು ತಲೆದೂಗಿ, “ನಿಜ, ನಿಜ, ಹಿಂದಿನ ಕಾಲವೇ ಚೆನ್ನಾಗಿತ್ತು, ಊರೂರಿಗೆ ಗರಡಿ, ಗರಡಿಗೊಬ್ಬ ವಸ್ತಾದ” ಎಂದು ನಿಟ್ಟುಸಿರು ಬಿಡುವರು. ನನ್ನ ಜಗಳ ಅವರೊಡನೆಯೂ ಇದೆ. ಗರಡಿಗಳ ಮೇಲೆ ಭಾಷಣ ಮಾಡಿ, ಹಾರ ಹಾಕಿಸಿಕೊಂಡು, ರಾತ್ರಿಯ ಬಸ್ಸಿಗೆ ಹುಬ್ಬಳ್ಳಿಗೆ ಮರಳುವ ನನ್ನಂಥ ಮಾಸ್ತರರಿಂದ ಗರಡಿಗಳಿಗೆ ಆದ ಉಪಕಾರ ಅಷ್ಟರಲ್ಲಿಯೇ ಇದೆ.

ನಾನು ಹುಡುಗನಾಗಿದ್ದಾಗ ಗರಡಿ ಎಂದರೆ ಏನಿತ್ತು? ಗಿಡ್ಡ ಬಾಗಿಲು; ತಲೆ ಬಾಗಿಸಿಯೇ ಒಳಗೆ ಹೋಗಬೇಕು. ಒಳಗೆ ಕೆಮ್ಮಣ್ಣಿನ ಕಣ. ಆ ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿಣ, ಬೇವಿನ ಎಲೆ ಕೂಡಿಸಿ ಹದ ಮಾಡಿದ್ದು. ಅದರ ವಾಸನೆ ಇಂದಿಗೂ ಮೂಗಿನಲ್ಲಿದೆ. ಮೂಲೆಯಲ್ಲಿ ಹಣಮಪ್ಪ, ಗೋಡೆಗೆ ಗದೆ, ನೆಲದ ಮೇಲೆ ಸಂಗ್ರಾಣಿ ಕಲ್ಲು. ನಸುಕಿನಲ್ಲಿ ಸಾಮು ಮಾಡುವವರ ದಂಡ-ಬಸ್ಕಿಗಳ ಉಸಿರು ಬೀದಿಗೆ ಕೇಳಿಸುತ್ತಿತ್ತು. ಮಣ್ಣನ್ನು ಹದಮಾಡುವ ಎಣ್ಣೆ ಗಾಣಿಗರ ಮನೆಯಿಂದ, ಮಜ್ಜಿಗೆ ಹತ್ತು ಮನೆಯಿಂದ, ಪೈಲವಾನನ ಖುರಾಕಿನ ಹಾಲು ಎಮ್ಮೆ ಹಿಂಡುವ ಮನೆಯಿಂದ. ಜಾತ್ರೆಗೆ ಮುಂಚೆ ವರ್ಗಣಿ ಕೂಡಿಸಲು ಹಿರಿಯರು ಬಂದರೆ ಅವ್ವ ಕಾಳಿನ ಗಡಿಗೆಯಲ್ಲಿ ಕೈ ಹಾಕಿ ನೋಟು ತೆಗೆಯುತ್ತಿದ್ದಳು. ಕುಸ್ತಿಯಲ್ಲಿ ನಮ್ಮೂರ ಹುಡುಗ ಬೆಳ್ಳಿ ಕಡಗ ಗೆದ್ದು ಬಂದರೆ ಆ ಕಡಗದಲ್ಲಿ ಅವ್ವನ ನೋಟಿನ ಪಾಲೂ ಇತ್ತು. ‘ನಮ್ದು’ ಎಂದು ಆಕೆ ಎಂದೂ ಕೂಗಿದ್ದನ್ನು ಕೇಳಲಿಲ್ಲ. ಕೂಗುವ ಕಾರಣವಿರಲಿಲ್ಲ.

ಅಂದ ಮಾತ್ರಕ್ಕೆ ಅದನ್ನು ರಾಮರಾಜ್ಯವೆಂದು ಬಗೆಯಬೇಡಿ. ‘ಊರ ಗರಡಿ’ ಎಂದವರು ಊರಲ್ಲಿದ್ದ ಎಲ್ಲರನ್ನೂ ಕಣದೊಳಗೆ ಬಿಟ್ಟಿರಲಿಲ್ಲ. ಮಜ್ಜಿಗೆ ಕೊಡುತ್ತಿದ್ದ ಹೆಂಗಸರು ಆ ಗಿಡ್ಡ ಬಾಗಿಲನ್ನು ದಾಟುವಂತಿರಲಿಲ್ಲ. ಕೆಲವು ಕೇರಿಯ ಹುಡುಗರು ಹೊರಗೆ ನಿಂತು ಕಿಂಡಿಯಲ್ಲಿ ನೋಡಿ ಡಾವು-ಪೇಚು ಕಲಿಯಬೇಕಾಗಿತ್ತು. ಒಂದು ಸೋಜಿಗ ಮಾತ್ರ ಹೇಳಬೇಕು. ಹಣಮಪ್ಪನ ಇದಿರು ನಡೆಯುವ ಈ ವಿದ್ಯೆಯ ಮಾತುಗಳೆಲ್ಲ ಎಲ್ಲಿಂದ ಬಂದವು ನೋಡಿರಿ: ಕುಸ್ತಿ, ಪೈಲವಾನ, ವಸ್ತಾದ ಪಾರಸಿಯಿಂದ, ತಾಲೀಮು ಅರಬ್ಬಿಯಿಂದ. ಗರಡಿ ಒಂದು ನಮ್ಮದು. ಶಬ್ದಗಳಿಗೆ ಬಾಗಿಲು ತೆರೆದ ಗರಡಿ ಮನುಷ್ಯರಿಗೆ ಅಷ್ಟು ಧಾರಾಳವಾಗಿ ತೆರೆಯಲಿಲ್ಲ. ಆ ಗರಡಿ ಸೊರಗಿದ್ದಕ್ಕೆ ಟೀವಿ, ಮೊಬೈಲು, ಕ್ರಿಕೆಟ್ ಕಾರಣವೆಂದು ಹೇಳುವವರು ಈ ಕಿಂಡಿಯನ್ನು ಮರೆಯಬಾರದು. ಹೊರಗೆ ನಿಂತವನು ಎಷ್ಟು ದಿನ ನಿಂತಾನು?

ಈಗ ಗರಡಿಗೆ ಏನಾಗಿದೆ ಎಂಬದನ್ನು ಹೇಳುವೆ. ದುಮ್ಮವಾಡದಿಂದ ಮರಳುವಾಗ ಕಲಘಟಗಿ ತಾಲೂಕಿನ ಇನ್ನೊಂದು ಊರಿಗೆ ಹೋದೆ. ಊರ ಹೆಸರು ಬೇಡ, ಅಂಥ ಊರು ಒಂದೇ ಅಲ್ಲ. ಅಲ್ಲಿ ಹಳೆಯ ಗರಡಿಯನ್ನು ಕೆಡವಿ ಸರಕಾರದ ದುಡ್ಡಿನಲ್ಲಿ ಹೊಸದು ಕಟ್ಟಿದ್ದಾರೆ. ತಗಡಿನ ಮಾಡು, ಬಣ್ಣ ಬಳಿದ ಗೋಡೆ, ಗೋಡೆಯ ಮೇಲೆ ಅಮೃತಶಿಲೆಯಲ್ಲಿ ಹನ್ನೆರಡು ಜನರ ಹೆಸರು. ಬಾಗಿಲಿಗೆ ಕೀಲಿ. ಕಟ್ಟೆಯ ಮೇಲೆ ಕೂತಿದ್ದ ಒಬ್ಬ ವೃದ್ಧರನ್ನು, ಕಿವಿ ಚಪ್ಪಟೆಯಾದ ಹಳೆಯ ಪೈಲವಾನರನ್ನು, “ಕೀಲಿ ಯಾರ ಕಡೆ ಐತ್ರಿ ಅಜ್ಜಾರ?” ಎಂದು ಕೇಳಿದೆ.

“ಗುತ್ತಿಗೀದಾರನ ಕಡೆ ಐತಿ ಅಂತಾರ್ರಿ. ಅವಗ ಇನ್ನೂ ಬಿಲ್ ಆಗಿಲ್ಲಂತ. ಮೆಂಬರ್ ಕಡೆ ಐತಿ ಅಂತನೂ ಅಂತಾರ.”

“ಒಳಗ ಮಣ್ಣು ಹಾಕ್ಯಾರೇನ್ರಿ?”

“ಸಿಮೆಂಟ್ ಹಾಕ್ಯಾರ್ರೀ ಸರ,” ಎಂದು ಅಜ್ಜ ನಕ್ಕರು. ಹಲ್ಲಿಲ್ಲದ ಬಾಯಿಯ ಆ ನಗೆ ನನ್ನನ್ನು ಹುಬ್ಬಳ್ಳಿಯವರೆಗೂ ಬಿಡಲಿಲ್ಲ. ಸಿಮೆಂಟಿನ ನೆಲದ ಗರಡಿ! ಮೀನಿಗೆಂದು ಮರಳಿನ ಕೆರೆ ಕಟ್ಟಿಸಿದ ಹಾಗೆ. ಅದೇ ಊರಿನ ಜಾತ್ರೆಯಲ್ಲಿ ಕುಸ್ತಿ ನಡೆಯುವದಿಲ್ಲವೆಂದು ತಿಳಿಯಬೇಡಿ. ನಡೆಯುತ್ತದೆ, ಹಿಂದೆಂದೂ ಇಲ್ಲದಷ್ಟು ಜೋರಿನಿಂದ. ಊರ ತುಂಬ ಫ್ಲೆಕ್ಸು. ಫ್ಲೆಕ್ಸಿನಲ್ಲಿ ಪೈಲವಾನನ ಚಿತ್ರ ಅಂಗೈಯಷ್ಟು, ಪೋಷಕರ ಚಿತ್ರ ಆನೆಯಷ್ಟು. ಪಂಜಾಬ-ಹರಿಯಾಣಗಳ ಜಟ್ಟಿ ಬರುತ್ತಾನೆ, ಒಮ್ಮೊಮ್ಮೆ ಇರಾಣದವನೂ ಬರುತ್ತಾನೆ. ಹಿಡಿದದ್ದು ಹತ್ತು ನಿಮಿಷ, ಎಣಿಸಿಕೊಂಡದ್ದು ಲಕ್ಷ. ಮರುದಿನ ಕಣದ ಮಣ್ಣನ್ನು ಟ್ರ್ಯಾಕ್ಟರಿನಲ್ಲಿ ಎತ್ತಿ ಒಯ್ಯುತ್ತಾರೆ. ಊರ ಹುಡುಗ ಮಾತ್ರ ನಸುಕಿನಲ್ಲಿ ಎದ್ದು, ಕೀಲಿ ಹಾಕಿದ ಬಾಗಿಲನ್ನು ನೋಡಿ, ಹೈವೇಯ ಮೇಲೆ ಓಡಿ ಬರುತ್ತಾನೆ. ಪೋಲೀಸ ಭರತಿಗೆ ತಯಾರಿಯಂತೆ.

ಇದು ಹೊಸ ರೋಗವಲ್ಲ, ಹಳೆಯ ರೋಗದ ಹೊಸ ಅಂಗಿ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆಯಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಪ್ರಕರಣವೇ ಇದೆ, ಮಲ್ಲರ ತರಗತಿಗಳು, ಅವರ ಆಹಾರ, ಅವರ ಸಾಮು ಎಲ್ಲವೂ ಅಲ್ಲಿ ಬಂದಿವೆ. ಆದರೆ ಹೆಸರೇ ಹೇಳುವಂತೆ ಅದು ಅರಸನ ವಿನೋದ. ಅರಸನಿಗೆ ವಿನೋದವಿರುವ ತನಕ ಮಲ್ಲನಿಗೆ ಹಾಲು. ಕೊಲ್ಲಾಪುರದ ಶಾಹೂ ಮಹಾರಾಜರು ಖಾಸಬಾಗ ಮೈದಾನ ಕಟ್ಟಿಸಿ ದೇಶದ ಜಟ್ಟಿಗಳನ್ನು ಸಾಕಿದರು. ೧೯೨೨ರಲ್ಲಿ ಅವರು ತೀರಿಕೊಂಡರು. ಅನಂತರ ಸಂಸ್ಥಾನಗಳೇ ಹೋದವು. ಅರಸನ ಜಾಗದಲ್ಲಿ ನಾವು ಮಂತ್ರಿಯನ್ನು ಕೂಡಿಸಿದೆವು, ಮಂತ್ರಿಯ ಪಕ್ಕದಲ್ಲಿ ಕಂಪನಿಯನ್ನು ಕೂಡಿಸಿದೆವು. ೨೦೨೦ರಲ್ಲಿ ಧಾರವಾಡದಲ್ಲಿ ಸರಕಾರದ ಕುಸ್ತಿ ಹಬ್ಬವಾಯಿತು. ಬಹಳ ಜನ ನೋಡಿದರು, ನಾನೂ ನೋಡಿದೆ, ಸಂತೋಷಪಟ್ಟೆ. ಆದರೆ ಹಬ್ಬದ ದಿನ ಉಂಡ ಹೋಳಿಗೆಯಿಂದ ವರ್ಷ ಕಳೆಯುವದಿಲ್ಲ. ಆಶ್ರಯ ಎಂಬ ಶಬ್ದವನ್ನೇ ನಾವು ಇನ್ನೂ ಬಿಟ್ಟಿಲ್ಲ. ಪ್ರಶ್ನೆ ಆಶ್ರಯದ್ದಲ್ಲ, ಒಡೆತನದ್ದು.

ಒಡೆತನವೆಂದ ಕೂಡಲೆ, “ಹಳ್ಳಿಯ ಜನ ಕೂಡಿ ಸಂಸ್ಥೆ ನಡೆಸುವದುಂಟೇ?” ಎಂದು ಮೂಗು ಮುರಿಯುವವರಿಗೆ ನಮ್ಮ ಜಿಲ್ಲೆಯ ಚರಿತ್ರೆ ಗೊತ್ತಿಲ್ಲ. ಹಳೆಯ ಧಾರವಾಡ ಜಿಲ್ಲೆಯ, ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ೧೯೦೫ರಲ್ಲಿ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. ೧೯೦೪ರಲ್ಲಿ ಕಾಯದೆಯಾದ ಮರುವರ್ಷವೇ! ದೇಶದ ಮೊದಲ ಕೃಷಿ ಪತ್ತಿನ ಸಂಘವೆಂದು ಅದಕ್ಕೆ ಹೆಸರು. ಸಾವಕಾರನ ಕೈಯಿಂದ ಸಾಲದ ಕೀಲಿಯನ್ನು ಕಸಿದುಕೊಂಡ ನೆಲ ಇದು. ಇಂದಿಗೂ ಊರೂರಿಗೆ ಹಾಲಿನ ಡೇರಿಯಿದೆ. ನಸುಕಿನಲ್ಲಿ ಹೆಣ್ಣುಮಕ್ಕಳು ಚರಿಗೆ ಹಿಡಿದು ಬಂದು ಹಾಲು ಅಳೆದು ಕೊಡುತ್ತಾರೆ. ಫ್ಯಾಟಿನ ಲೆಕ್ಕ ಪೈಸೆ ತಪ್ಪದೆ ಪುಸ್ತಕದಲ್ಲಿ ಏರುತ್ತದೆ. ಹಾಲಿನ ಲೆಕ್ಕ ಇಡಬಲ್ಲ ಊರು ಆ ಹಾಲು ಕುಡಿಯುವ ಪೈಲವಾನನ ಲೆಕ್ಕ ಇಡಲಾರದೆ?

ಸಾಹಿತಿಗಳಿಗೂ ಇದನ್ನು ನೆನಪಿಸಬೇಕು. ೧೮೯೦ರಲ್ಲಿ ಹುಟ್ಟಿದ ಧಾರವಾಡದ ವಿದ್ಯಾವರ್ಧಕ ಸಂಘ ಸದಸ್ಯರ ಸಂಘ. ಅದರ ಚುನಾವಣೆಯ ಗದ್ದಲವನ್ನು ನಾವು ಹಾಸ್ಯ ಮಾಡುತ್ತೇವೆ, ಆದರೆ ಆ ಗದ್ದಲವೇ ಅದರ ಉಸಿರು. ೧೯೩೩ರಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನಂಬಿ ಪುಸ್ತಕ ಅಚ್ಚು ಹಾಕಿತು. ಕಾವ್ಯಕ್ಕೆ ಸಾಧ್ಯವಾದದ್ದು ಕಣಕ್ಕೆ ಅಸಾಧ್ಯವೇ?

ಪರದೇಶದ ಮಾತು ಬೇಕೆನ್ನುವವರು ಅಮೆರಿಕೆಯ ಗ್ರೀನ್ ಬೇ ಎಂಬ ಊರನ್ನು ನೋಡಲಿ. ಹೆಚ್ಚೆಂದರೆ ಲಕ್ಷ ಚಿಲ್ಲರೆ ಜನರ ಊರು, ನಮ್ಮ ಹುಬ್ಬಳ್ಳಿಯ ಒಂದು ಮೂಲೆಗೂ ಸಾಲದು. ಅಲ್ಲಿಯ ಫುಟ್‌ಬಾಲ್ ತಂಡ ೧೯೨೩ರಿಂದಲೂ ಸಾಮಾನ್ಯ ಜನರ ಶೇರುಗಳ ಮೇಲೆ ನಿಂತಿದೆ. ಆ ಶೇರಿಗೆ ಲಾಭಾಂಶವಿಲ್ಲ, ಪೇಟೆಯಲ್ಲಿ ಮಾರಿ ದುಡ್ಡು ಮಾಡುವಂತಿಲ್ಲ. ಆದರೂ ಜನ ಕೊಂಡು ಗೋಡೆಗೆ ಚೌಕಟ್ಟು ಹಾಕಿ ತೂಗುಹಾಕುತ್ತಾರೆ. ಲಂಡನ್ನಿನ ವಿಂಬಲ್ಡನ್ ತಂಡವನ್ನು ಅದರ ಧಣಿಗಳು ದೂರದ ಬೇರೊಂದು ಊರಿಗೆ ಒಯ್ಯಲು ೨೦೦೨ರಲ್ಲಿ ಅಪ್ಪಣೆ ಪಡೆದಾಗ, ಅಭಿಮಾನಿಗಳು ಅಳುತ್ತ ಕೂಡದೆ ತಮ್ಮದೇ ತಂಡ ಕಟ್ಟಿ ಅತಿ ಕೆಳಗಿನ ಮಟ್ಟದಿಂದ ಆಡುತ್ತ ಮೇಲೆ ಬಂದರು. ಇದಕ್ಕೆ ಪ್ರತಿಯಾದ ಉದಾಹರಣೆಯನ್ನು ಮುಚ್ಚಿಡಲಾರೆ. ವೇಲ್ಸಿನ ರೆಕ್ಸಮ್ ತಂಡ ೨೦೧೧ರಲ್ಲಿ ಅಭಿಮಾನಿಗಳ ಕೈಗೆ ಬಂದಿತು. ಹತ್ತು ವರ್ಷ ಹೆಣಗಿ, ೨೦೨೦ರಲ್ಲಿ ಅವರೇ ಮತ ಹಾಕಿ, ೨೦೨೧ರಲ್ಲಿ ಅದನ್ನು ಇಬ್ಬರು ಸಿನಿಮಾ ನಟರಿಗೆ ಕೊಟ್ಟರು. ತಂಡ ಏಳಿಗೆಗೆ ಬಂದಿತು ಕೂಡ. ಹಾಗಾದರೆ ನನ್ನ ವಾದ ಬಿತ್ತೇ? ಬೀಳಲಿಲ್ಲ. ಮಾರುವದೋ ಬಿಡುವದೋ ಎಂದು ಕೇಳಬೇಕಾದವರನ್ನು ಅಲ್ಲಿ ಕೇಳಿದರು.

ಅಷ್ಟು ದೂರವೇಕೆ, ಕೊಲ್ಲಾಪುರಕ್ಕೆ ಹೋಗಿ ಬನ್ನಿ. ಮಹಾರಾಜರು ಹೋದರೂ ಅಲ್ಲಿಯ ಪೇಟೆಪೇಟೆಯ ತಾಲೀಮು ಹೋಗಲಿಲ್ಲ. ಪಾಟಾಕಡೀಲ, ದಿಲಬಹಾರ, ಖಂಡೋಬಾ ಎಂಬ ತಾಲೀಮ ಮಂಡಳಗಳು ಇಂದು ಶಾಹೂ ಸ್ಟೇಡಿಯಂನಲ್ಲಿ ಫುಟ್‌ಬಾಲ್ ಆಡುತ್ತವೆ. ಓಣಿಗೆ ಓಣಿಯೇ ಬಂದು ನಿಲ್ಲುತ್ತದೆ. ಜಗಳಗಳೂ ಆಗುತ್ತವೆ, ಆ ಮಾತು ಬೇರೆ. ನಮ್ಮ ರಾಜ್ಯದಲ್ಲಿಯೇ ಕೊಡಗಿನಲ್ಲಿ ೧೯೯೭ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕುಟುಂಬಗಳ ನಡುವೆ ಹಾಕಿ ಪಂದ್ಯಾವಳಿ ಆರಂಭಿಸಿದರು. ಮೊದಲ ವರ್ಷ ೬೦ ತಂಡ, ೨೦೨೪ರಲ್ಲಿ ೩೬೦. ವರ್ಷಕ್ಕೊಂದು ಮನೆತನ ಹೊಣೆ ಹೊರುತ್ತದೆ. ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡಬಹುದು. ಅಲ್ಲಿ ತಂಡ ‘ನಮ್ದು’ ಎಂದರೆ ವ್ಯಾಕರಣ ಸರಿಯಾಗುತ್ತದೆ.

ಹೆಣ್ಣುಮಕ್ಕಳ ಮಾತು ಬಂದದ್ದರಿಂದ ಹೇಳುವೆ. ಕಲಘಟಗಿಯ ಗಡಿ ದಾಟಿದರೆ ಹಳಿಯಾಳ. ಅಲ್ಲಿಯ ಹುಡುಗಿಯರು ರಾಷ್ಟ್ರಮಟ್ಟದ ಕುಸ್ತಿಗೆ ಹೋಗಿ ಬಂದಿದ್ದಾರೆ. ಇತ್ತ ನಮ್ಮ ಹುಡುಗಿ ಗರಡಿಯ ಹೊಸ್ತಿಲ ಹೊರಗೇ ನಿಂತಿದ್ದಾಳೆ. ಊರು ಗರಡಿಯ ಒಡೆಯನಾಗಬೇಕೆಂದರೆ ಊರಿನ ಅರ್ಧವನ್ನು ಬಿಟ್ಟಲ್ಲ. ಡೇರಿಗೆ ಹಾಲು ಹಾಕುವ ಹೆಣ್ಣುಮಗಳ ಹೆಸರು ಗರಡಿಯ ಸದಸ್ಯರ ಪಟ್ಟಿಯಲ್ಲಿಯೂ ಇರಬೇಕು, ಆಕೆಯ ಮಗಳಿಗೆ ಕಣದಲ್ಲಿ ಹೊತ್ತು ಗೊತ್ತಾಗಿರಬೇಕು. ಇದಕ್ಕೆ ಒಪ್ಪದ ಹಿರಿಯರು ಸಂಪ್ರದಾಯದ ಮಾತೆತ್ತಿದರೆ, ಸಿಮೆಂಟಿನ ನೆಲ ಯಾವ ಸಂಪ್ರದಾಯವೆಂದು ಕೇಳಿರಿ.

ಲೆಕ್ಕ ಮಾಡಿ ನೋಡೋಣ. ಐದುನೂರು ಮನೆಗಳ ಊರು ಎಂದಿಟ್ಟುಕೊಳ್ಳಿ. ಮನೆಗೆ ತಿಂಗಳಿಗೆ ೨೦ ರೂಪಾಯಿ. ವರ್ಷಕ್ಕೆ ೧,೨೦,೦೦೦. ಇದರಿಂದ ಇರಾಣದ ಜಟ್ಟಿ ಬರಲಾರ, ಬರುವದೂ ಬೇಡ. ಒಬ್ಬ ವಸ್ತಾದನಿಗೆ ಗೌರವಧನ, ನಾಲ್ಕಾರು ಬಡ ಹುಡುಗ-ಹುಡುಗಿಯರಿಗೆ ಹಾಲು-ಬಾದಾಮಿ, ಕಣಕ್ಕೆ ಎಣ್ಣೆ ಇಷ್ಟಕ್ಕೆ ಸಾಕು. ಮ್ಯಾಟಿಗೆ ಲಕ್ಷಗಟ್ಟಲೆ ಬೇಕು, ರಾಷ್ಟ್ರದ ಪಂದ್ಯಗಳೆಲ್ಲ ಮ್ಯಾಟಿನ ಮೇಲೆ. ಅದನ್ನು ಸರಕಾರದಿಂದ ಕೇಳಿ ಪಡೆಯಬೇಕು. ಆದರೆ ಕೇಳುವವರು ಯಾರು? ಇಂದು ಕೇಳುವವನು ಒಬ್ಬ ಕಾರ್ಯಕರ್ತ. ಐದುನೂರು ಸದಸ್ಯರ ಸಂಘ ಕೇಳಿದರೆ ಆ ಅರ್ಜಿಯ ತೂಕವೇ ಬೇರೆ.

ಸಂಘ ನೋಂದಿಸಲು ೧೯೬೦ರ ಕಾಯದೆಯ ಪ್ರಕಾರ ಏಳು ಜನ ಸಾಕು. ಅಪಾಯವೂ ಅಲ್ಲಿಯೇ ಇದೆ. ಏಳು ಜನರಿಂದ ಹುಟ್ಟಿ ಏಳು ಜನರಲ್ಲಿಯೇ ಉಳಿದ ಯುವಕ ಮಂಡಳಗಳು ನಮ್ಮಲ್ಲಿ ಎಷ್ಟಿಲ್ಲ? ಅಧ್ಯಕ್ಷ, ಅವನ ತಮ್ಮ, ತಮ್ಮನ ಷಡ್ಡಕ, ಒಂದು ರಬ್ಬರಿನ ಶಿಕ್ಕೆ, ಮುಗಿಯಿತು ಮಂಡಳ. ಆದ್ದರಿಂದ ನಿಯಮ ಬರೆಯುವಾಗಲೇ ಬರೆಯಬೇಕು: ಮನೆಗೆ ಒಂದಲ್ಲ, ಹದಿನೆಂಟು ತುಂಬಿದ ಪ್ರತಿಯೊಬ್ಬರಿಗೂ ಮತ, ಹೆಚ್ಚು ಕೊಟ್ಟವನಿಗೂ ಒಂದೇ ಮತ, ಚುನಾವಣೆಗೆ ನಿಂತವನು ಪದಾಧಿಕಾರಿಯಾಗಿರಬಾರದು, ನಾಗರಪಂಚಮಿಯ ಕುಸ್ತಿಯ ದಿನ ಕಣದ ಮಧ್ಯೆ ನಿಂತು ಜಮಾ-ಖರ್ಚನ್ನು ಗಟ್ಟಿಯಾಗಿ ಓದಬೇಕು. ಈ ಕೊನೆಯ ನಿಯಮವೊಂದಿದ್ದರೆ ಬಹಳ ಜನ ಪೋಷಕರು ತಾವಾಗಿಯೇ ಹಿಂದೆ ಸರಿಯುವರೆಂದು ನನಗೆ ಅನ್ನಿಸುತ್ತದೆ.

“ಹಳ್ಳಿಯ ರಾಜಕೀಯದಲ್ಲಿ ಇದೆಲ್ಲ ನಡೆಯದು” ಎಂದು ಪತ್ರಿಕೆಯನ್ನು ಮಡಚಿಡುವ ನಗರದ ವಾಚಕರೇ, ನಿಮಗೊಂದು ಮಾತು. ನಾವು ಬಹುತೇಕರು ಆ ಹಳ್ಳಿಗಳಿಂದಲೇ ಬಂದವರು. ಹುಬ್ಬಳ್ಳಿಯವರು ದಶಕಗಳ ಕಾಲ ಕುಡಿದದ್ದು ದುಮ್ಮವಾಡದ ಬದಿಯ ನೀರಸಾಗರದ ನೀರನ್ನು. ಆ ಋಣವನ್ನು ನಾವು ತೀರಿಸಿದ ಬಗೆ ಯಾವದು? ಮಗನಿಗೆ ಸಾವಿರಾರು ರೂಪಾಯಿಯ ಅಂಗಿ ಕೊಡಿಸಿ ಬೆಂಗಳೂರಿನ ಕಂಪನಿಗೆ ದೇಣಿಗೆ ಕೊಡುತ್ತೇವೆ, ಹುಟ್ಟಿದೂರಿನ ಗರಡಿಗೆ ವರ್ಗಣಿ ಕೇಳಿದರೆ “ಲೆಕ್ಕ ಎಲ್ಲಿದೆ?” ಎನ್ನುತ್ತೇವೆ. ಲೆಕ್ಕ ಕೇಳುವದು ಸರಿ. ಅಂಗಿಯ ಕಂಪನಿಗೂ ಅದನ್ನೇ ಕೇಳಿದ್ದರೆ ಇನ್ನೂ ಸರಿಯಾಗುತ್ತಿತ್ತು.

ದುಮ್ಮವಾಡದಿಂದ ಹೊರಡುವ ದಿನ ಅಕ್ಕನ ಮಗನ ಕೈಯಲ್ಲಿ ೨೪೦ ರೂಪಾಯಿ ಕೊಟ್ಟು, “ನನ್ನ ಒಂದು ವರ್ಷದ ವರ್ಗಣಿ. ರಸೀದಿ ಕಳಸು,” ಎಂದೆ. ಮೊದಲು ನಕ್ಕ. ಆಮೇಲೆ ಎಣಿಸಿ ಕಿಸೆಯಲ್ಲಿಟ್ಟುಕೊಂಡ. ಮೊನ್ನೆ ಫೋನು ಮಾಡಿದ್ದ. ಅವನೂ ಅವನ ಗೆಳೆಯರೂ ಕೂಡಿ ಮೂವತ್ತೊಂದು ಮನೆ ತಿರುಗಿದ್ದಾರಂತೆ. ಹನ್ನೊಂದು ಮನೆಯವರು ಕೊಟ್ಟರಂತೆ, ಒಬ್ಬರು ಬೈದರಂತೆ. ರಸೀದಿ ಪುಸ್ತಕ ಅಚ್ಚಿಗೆ ಕೊಡಬೇಕು, ಮೇಲೆ ಯಾರ ಹೆಸರು ಹಾಕಿಸಲಿ ಮಾಮಾ ಎಂದು ಕೇಳಿದ. ಊರ ಹೆಸರು ಹಾಕಿಸು ಎಂದಿದ್ದೇನೆ.